ತಕ್ಕಡಿಯ ಜತೆಗೊಂದು ಡಬ್ಬಿ ಇರಲಿ

ಒಂದು ಲೀಟರ್ ಹಿಡಿಯುವ ಡಬ್ಬಿ. ಅದರ ತುಂಬ ಒಣಗಿದ ಕಾಳುಮೆಣಸು. ತೂಗಿದಾಗ 550 ಗ್ರಾಂ ಬಂದರೆ ಒಂದು ರೇಟು, 500 ಬಂದರೆ ಇನ್ನೊಂದು. ಅದಕ್ಕೂ ಕೆಳಗೆ ಹೋದರೆ ವ್ಯಾಪಾರಿಯ ಮುಖವೇ ಬೇರೆ. ಪೇಟೆಯಲ್ಲಿ ಇದಕ್ಕೆ 'ಲೀಟರ್ ತೂಕ' ಎನ್ನುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಸಾಂದ್ರತೆ ಎಂದರೆ ಇದೇ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಬರುವ ಅಂಕಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಆ ಒಂದು ಸಾಲಿನ ಮೇಲೆ ನಮ್ಮ ವರ್ಷದ ದುಡ್ಡು ನಿಂತಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಲೋಕದ ಮಾರುಕಟ್ಟೆಯಲ್ಲೂ ಇದೇ ಲೆಕ್ಕ. ವಿಯೆಟ್ನಾಮಿನ ಕರಿಮೆಣಸಿಗೆ ರೇಟು ಹೇಳುವುದೇ ಲೀಟರಿಗೆ 500 ಗ್ರಾಮಿನದ್ದು, 550 ಗ್ರಾಮಿನದ್ದು ಎಂದು. ನಾವು ಮಾತ್ರ ಗೋಣಿ ಹೊತ್ತುಕೊಂಡು ಅಂಗಡಿಗೆ ಹೋಗಿ, ಅಲ್ಲಿಯ ಡಬ್ಬಿಯಲ್ಲಿ ಅವರು ಅಳೆದು ಹೇಳಿದ್ದನ್ನು ಕೇಳಿ ಬರುತ್ತೇವೆ. "ಲೀಟರ್ ತೂಕ ಇಲ್ಲ ಮಾರಾಯ್ರೆ, ಕಿಲೋಕ್ಕೆ ಇಷ್ಟು ಕಮ್ಮಿ" ಎಂದರೆ ಎದುರು ಹೇಳಲಿಕ್ಕೆ ನಮ್ಮಲ್ಲಿ ಎಂತ ಉಂಟು?

ನಮ್ಮ ಅಜ್ಜಂದಿರ ಕಾಲದಲ್ಲಿ ಹೆಚ್ಚಿನದ್ದೆಲ್ಲ ಗಾತ್ರದ ವ್ಯವಹಾರ. ಕುಡ್ತೆ, ಪಾವು, ಸೇರು, ಕಳಸೆ, ಮುಡಿ. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದು, ಕ್ರಮೇಣ ಎಲ್ಲವೂ ಕಿಲೋಕ್ಕೆ ಬಂತು. ಎರಡಕ್ಕೂ ಅದರದ್ದೇ ಆದ ಓರೆ ಉಂಟು. ಸೇರಿನಲ್ಲಿ ಅಳೆದರೆ ಜೊಳ್ಳು ಅಡಗಿ ಕೂರುತ್ತದೆ, ತಕ್ಕಡಿಯಲ್ಲಿ ತೂಗಿದರೆ ನೀರು ಮತ್ತು ಮರಳು ಅಡಗಿ ಕೂರುತ್ತವೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮಾಲಿನ ನಿಜಸ್ಥಿತಿ ಬಹಳಷ್ಟು ಹೊರಗೆ ಬರುತ್ತದೆ. ಇದಕ್ಕೆ ಬೇಕಾದ್ದು ಒಂದು ಡಬ್ಬಿ, ಒಂದು ತಕ್ಕಡಿ, ಸ್ವಲ್ಪ ನೀರು. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಈಗ ದುಬಾರಿಯೇನಲ್ಲ. ಅದು ನಮ್ಮಲ್ಲಿ ಅಡುಗೆಮನೆಗಿಂತ ಜಗಲಿಯಲ್ಲಿರುವುದೇ ಹೆಚ್ಚು.

ಮೊದಲು ಡಬ್ಬಿಯನ್ನೇ ಅಳೆಯಿರಿ

'ಒಂದು ಲೀಟರ್' ಎಂದು ಮಾರುವ ಮಗ್ಗು, ಡಬ್ಬಿಗಳನ್ನು ನಂಬಬೇಡಿ. ಅಂಚಿನವರೆಗೆ ತುಂಬಿದರೆ ಹೆಚ್ಚು ಹಿಡಿಯುತ್ತವೆ, ಗೆರೆಯವರೆಗೆ ತುಂಬಿದರೆ ಗೆರೆಯೇ ಸರಿ ಇರುವುದಿಲ್ಲ. ಬಾಯಿಯೂ ತಳವೂ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿಯೊಂದನ್ನು ಆರಿಸಿಕೊಳ್ಳಿ. ಅದು ಸರಿಯಾಗಿ ಲೀಟರೇ ಹಿಡಿಯಬೇಕೆಂದಿಲ್ಲ. ಅದರ ಗಾತ್ರವನ್ನು ನೀರೇ ಹೇಳುತ್ತದೆ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ಸರಿಯಾಗಿ ಹೇಳುವುದಾದರೆ ಇದು 4 ಡಿಗ್ರಿ ಸೆಲ್ಸಿಯಸ್‌ನ ತಣ್ಣನೆಯ ನೀರಿಗೆ. ನಮ್ಮೂರಿನ 30 ಡಿಗ್ರಿಯ ಬಾವಿ ನೀರಿನಲ್ಲಿ ಲೀಟರಿಗೆ ನಾಲ್ಕು ಗ್ರಾಮಿನಷ್ಟು ಕಮ್ಮಿಯಾಗುತ್ತದೆ. ಮೆಣಸಿನ ವ್ಯಾಪಾರಕ್ಕೆ ಅದನ್ನು ಬಿಟ್ಟುಬಿಡಬಹುದು.

ನನ್ನ ಡಬ್ಬಿಯ ಲೆಕ್ಕ ಹೀಗಿದೆ. ಖಾಲಿ ಡಬ್ಬಿ 210 ಗ್ರಾಂ. ಅಂಚಿನವರೆಗೆ ನೀರು ತುಂಬಿದಾಗ 1,335 ಗ್ರಾಂ. ವ್ಯತ್ಯಾಸ 1,125. ಅಂದರೆ ಡಬ್ಬಿ ಹಿಡಿಯುವುದು 1,125 ಮಿಲಿಲೀಟರ್. ಇದನ್ನು ಡಬ್ಬಿಯ ತಳದಲ್ಲಿ ಪೈಂಟಿನಲ್ಲಿ ಬರೆದಿಟ್ಟಿದ್ದೇನೆ.

ಡಬ್ಬಿ ಒರೆಸಿ ಒಣಗಿಸಿ ಮೆಣಸು ತುಂಬಿದಾಗ ಒಟ್ಟು 805 ಗ್ರಾಂ. ಡಬ್ಬಿಯ 210 ಕಳೆದರೆ ಮೆಣಸು 595. ಇದನ್ನು 1,125ರಿಂದ ಭಾಗಿಸಿದರೆ 0.529. ಸಾವಿರದಿಂದ ಗುಣಿಸಿ. ಲೀಟರ್ ತೂಕ 529 ಗ್ರಾಂ. ಇಷ್ಟೇ ಲೆಕ್ಕ. ಮೊಬೈಲಿನಲ್ಲಿ ಭಾಗಾಕಾರ ಮಾಡಲಿಕ್ಕೆ ಮಕ್ಕಳಿಗೆ ಹೇಳಿದರೂ ಆದೀತು.

ಒಂದು ಗೋಣಿಯ ಮೇಲಿನಿಂದ ಮಾತ್ರ ತೆಗೆದರೆ ಸಾಲದು. ಎತ್ತಿ ಇಳಿಸುವಾಗ, ಗಾಡಿಯಲ್ಲಿ ಕುಲುಕುವಾಗ ಸಣ್ಣದು, ಧೂಳು ಎಲ್ಲ ಕೆಳಗೆ ಹೋಗುತ್ತದೆ. ಅಂಗಳದಲ್ಲಿ ಹರಡಿರುವಾಗಲೇ ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ ಅಳೆಯುವುದು ಒಳ್ಳೆಯದು. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಕುಟ್ಟಿದರೆ ಕತೆ ಬೇರೆ

ತುಂಬುವ ಕ್ರಮದಲ್ಲೇ ಹೆಚ್ಚಿನ ತಕರಾರು ಇರುವುದು. ಅದೇ ಮೆಣಸನ್ನು ಅದೇ ಡಬ್ಬಿಗೆ ತುಂಬಿ, ಡಬ್ಬಿಯನ್ನು ನೆಲಕ್ಕೆ ಹತ್ತು ಸಲ ಮೆಲ್ಲಗೆ ಕುಟ್ಟಿ, ಕೆಳಗಿಳಿದ ಜಾಗಕ್ಕೆ ಪುನಃ ತುಂಬಿಸಿ ತೂಗಿದೆ. 595 ಇದ್ದದ್ದು 637 ಆಯಿತು. ಲೀಟರ್ ತೂಕ 566! ಮೆಣಸು ಬದಲಾಗಿಲ್ಲ. ಕಾಳುಗಳ ನಡುವಿನ ಗಾಳಿ ಮಾತ್ರ ಹೊರಗೆ ಹೋಗಿದೆ.

ಗುಂಡಗಿನ ಕಾಳುಗಳನ್ನು ಸುಮ್ಮನೆ ಸುರಿದಾಗ ಪಾತ್ರೆಯ ಹತ್ತರಲ್ಲಿ ಸುಮಾರು ನಾಲ್ಕು ಪಾಲು ಗಾಳಿಯೇ ಇರುತ್ತದೆ. ಕುಟ್ಟಿದರೆ ಅದು ಸ್ವಲ್ಪ ಇಳಿಯುತ್ತದೆ. ಇಲ್ಲೊಂದು ತಮಾಷೆ ಉಂಟು. ಎಲ್ಲ ಕಾಳೂ ಒಂದೇ ಅಳತೆಯವಾದರೆ, ದಪ್ಪ ಕಾಳಾದರೂ ಸಣ್ಣ ಕಾಳಾದರೂ ಗಾಳಿಯ ಪಾಲು ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ದಪ್ಪ ಕಾಳಿನ ಮೆಣಸಿಗೆ ಲೀಟರ್ ತೂಕ ತನ್ನಿಂದ ತಾನೇ ಹೆಚ್ಚು ಬರುವುದಿಲ್ಲ. ನೋಡಲಿಕ್ಕೆ ಚಂದ ಇರಬಹುದು. ಲೀಟರ್ ತೂಕ ಹೇಳುವುದು ಕಾಳಿನ ಒಳಗೆ ತಿರುಳು ಎಷ್ಟು ಗಟ್ಟಿಯಾಗಿದೆ ಎಂಬುದನ್ನು. ದಪ್ಪ, ಸಣ್ಣ ಬೆರೆತಿದ್ದರೆ ದೊಡ್ಡದರ ಸಂದಿಯಲ್ಲಿ ಸಣ್ಣದು ಕುಳಿತು ತೂಕ ಸ್ವಲ್ಪ ಏರುವುದೂ ಉಂಟು.

ಆದ್ದರಿಂದ ಅಳೆಯುವ ಕ್ರಮ ಒಂದೇ ಇರಬೇಕು. ನಾನು ಮಾಡುವುದು ಹೀಗೆ: ಡಬ್ಬಿಯ ಬಾಯಿಯಿಂದ ಒಂದು ಗೇಣು ಮೇಲೆ ಲಾಳಿಕೆ ಹಿಡಿದು, ಒಂದೇ ವೇಗದಲ್ಲಿ ಸುರಿದು, ರಾಶಿ ಬರುವಷ್ಟು ತುಂಬಿ, ಕುಲುಕದೆ ಕುಟ್ಟದೆ, ಅಡಿಪಟ್ಟಿಯ ಅಂಚಿನಿಂದ ಒಮ್ಮೆ ಅಡ್ಡಕ್ಕೆ ಎಳೆದು ಸಮ ಮಾಡುವುದು. ನಿಮ್ಮ ಕ್ರಮ ಬೇರೆ ಇರಬಹುದು, ಪ್ರತಿ ಸಲವೂ ಅದೇ ಇರಲಿ. ವ್ಯಾಪಾರಿ ಹೇಗೆ ತುಂಬುತ್ತಾನೆ ಎಂಬುದನ್ನೂ ನಿಂತು ನೋಡಿ. ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ಮೆಣಸನ್ನು ಬೊಗಸೆಯಲ್ಲಿ ಮೆಲ್ಲಗೆ, ಹೂವು ಇಟ್ಟ ಹಾಗೆ ಇಡುತ್ತಾರೆ. ಸುರಿದು ನೋಡುವ ಎಂದು ಹೇಳಿ ಸುರಿಸಿದಾಗ 20 ಗ್ರಾಂ ಹೆಚ್ಚು ಬಂತು. ಜಗಳ ಏನೂ ಆಗಲಿಲ್ಲ. ಮನೆಯಲ್ಲಿ ಅಳೆದ ಚೀಟಿ ನನ್ನ ಜೇಬಿನಲ್ಲಿತ್ತು.

ಕಲ್ಲು, ಮರಳು ಇದ್ದರೂ ಲೀಟರ್ ತೂಕ ಏರುತ್ತದೆ ಎಂಬುದನ್ನು ಮರೆಯಬಾರದು. ಅಂಗಳದ ಮಣ್ಣು ಸೇರಿದ ಮೆಣಸು 570 ತೋರಿಸಿದರೆ ಹಿಗ್ಗುವ ಕಾರಣ ಇಲ್ಲ. ವ್ಯಾಪಾರಿ ತೇವ ನೋಡುವುದು, ಕೈಯಲ್ಲಿ ಉಜ್ಜಿ ನೋಡುವುದು ಅದಕ್ಕೇ.

ಜೊಳ್ಳು ತೆಗೆದರೆ ಲಾಭವಾ?

ಲೀಟರ್ ತೂಕ ಕಮ್ಮಿ ಬರಲಿಕ್ಕೆ ಮುಖ್ಯ ಕಾರಣ ಕಾಳು ಬಲಿಯುವ ಮೊದಲೇ ಕೊಯ್ಯುವುದು. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ ಕೊಯ್ದರೆ ಒಳಗಿನ ತಿರುಳು ತುಂಬಿರುತ್ತದೆ. ಆದರೆ ಜನ ಸಿಗುವ ದಿನ, ಹಕ್ಕಿಯ ಕಾಟ, ಕಳ್ಳರ ಭಯ ಎಲ್ಲ ನೋಡಿ ಕೊಯ್ಯುವವರು ನಾವು. ಎಳೆಯದು ಸೇರುವುದೇ. ಅದನ್ನು ಗೆರಸೆಯಲ್ಲಿ ಕೇರಿ, ಅಥವಾ ಫ್ಯಾನಿನ ಎದುರು ತೂರಿ ತೆಗೆಯಬಹುದು. ತೆಗೆಯಬೇಕಾ? ಇದಕ್ಕೆ 'ಹೌದು' ಎಂದು ಎಲ್ಲರೂ ಹೇಳುತ್ತಾರೆ. ನಾನು ಲೆಕ್ಕ ಹಾಕಿ ಹೇಳುತ್ತೇನೆ.

529ರ ಮೆಣಸು 50 ಕೆ.ಜಿ. ಇದೆ ಎನ್ನಿ. ಅದರ ಗಾತ್ರ 50 ÷ 0.529, ಅಂದರೆ 94.5 ಲೀಟರ್. ತೂರಿದಾಗ 3 ಕೆ.ಜಿ. ಜೊಳ್ಳು ಹೊರಟಿತು. ಆ ಜೊಳ್ಳಿನ ಲೀಟರ್ ತೂಕ 300 ಗ್ರಾಂ ಇದ್ದರೆ ಅದರ ಗಾತ್ರ 10 ಲೀಟರ್. ಉಳಿದದ್ದು 47 ಕೆ.ಜಿ., 84.5 ಲೀಟರ್. ಭಾಗಿಸಿ ನೋಡಿ: 556 ಗ್ರಾಂ! ನೂರಕ್ಕೆ ಆರು ತೂಕ ತೆಗೆದದ್ದಕ್ಕೆ ಮಾಲು 550ರ ಮೇಲೆ ಹತ್ತಿತು. ಹಗುರದ್ದು ತೂಕ ಕೊಡುವುದು ಕಮ್ಮಿ, ಜಾಗ ತಿನ್ನುವುದು ಜಾಸ್ತಿ.

ಈಗ ದುಡ್ಡಿನ ಲೆಕ್ಕ. ಸುಲಭಕ್ಕೆಂದು ಒಳ್ಳೆಯ ಮಾಲಿಗೆ ಕಿಲೋಕ್ಕೆ 600 ರೂಪಾಯಿ, ಜೊಳ್ಳಿಗೆ 300 ಎಂದು ಇಟ್ಟುಕೊಳ್ಳುವ. ತೂರಿ ಮಾರಿದರೆ 47 ಕಿಲೋಕ್ಕೆ 28,200, ಜೊಳ್ಳು 3 ಕಿಲೋಕ್ಕೆ 900. ಒಟ್ಟು 29,100. ತೂರದೆ ಕೊಟ್ಟಾಗ ವ್ಯಾಪಾರಿ ಕಿಲೋಕ್ಕೆ 15 ರೂಪಾಯಿ ಕಡಿದರೆ 50 ಕಿಲೋಕ್ಕೆ 29,250 ಸಿಗುತ್ತದೆ. ತೂರಿದ್ದಕ್ಕೆ 150 ರೂಪಾಯಿ ನಷ್ಟ, ಕೂಲಿ ಬೇರೆ! ಅದೇ 25 ರೂಪಾಯಿ ಕಡಿದರೆ ತೂರದ ಮಾಲಿಗೆ ಸಿಗುವುದು 28,750. ಆಗ ತೂರಿದರೆ 350 ಲಾಭ. ಈ ಉದಾಹರಣೆಯಲ್ಲಿ ಸಮಸಮ ಆಗುವುದು ಕಡಿತ 18 ರೂಪಾಯಿ ಇದ್ದಾಗ. ರೇಟು ದಿನಕ್ಕೊಂದು, ಜೊಳ್ಳಿನ ಪ್ರಮಾಣ ತೋಟಕ್ಕೊಂದು. ನಿಮ್ಮ ಅಂಕಿ ಹಾಕಿ ನೀವೇ ನೋಡಬೇಕು. ಕೆಲವು ವರ್ಷ ನಾನು ತೂರಿದ್ದೇನೆ, ಕೆಲವು ವರ್ಷ ಹಾಗೇ ಕೊಟ್ಟಿದ್ದೇನೆ.

ಜೊಳ್ಳನ್ನು ಬಿಸಾಡಲಿಕ್ಕಿಲ್ಲ. ಎಣ್ಣೆ, ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಯವರಿಗೆ ಎಳೆ ಮೆಣಸೇ ಬೇಕು. ಪೂರ್ತಿ ಬಲಿಯುವ ಮೊದಲು ಕೊಯ್ದದ್ದರಲ್ಲಿ ಆ ಅಂಶ ಹೆಚ್ಚು.

ತೇಲುವುದು, ಮುಳುಗುವುದು

ಡಬ್ಬಿಯ ಲೆಕ್ಕದಲ್ಲಿ ಕಾಳೂ ಗಾಳಿಯೂ ಸೇರಿರುತ್ತದೆ. ಒಂದೊಂದು ಕಾಳಿನ ಸ್ವಂತ ಸಾಂದ್ರತೆ ಬೇರೆ. ಅದನ್ನು ತಿಳಿಯುವ ಸುಲಭ ದಾರಿ ದ್ರವದಲ್ಲಿ ಹಾಕುವುದು. ದ್ರವಕ್ಕಿಂತ ಹಗುರ ಆದದ್ದು ತೇಲುತ್ತದೆ. ಮೆಣಸಿನ ಗುಣಮಟ್ಟ ನೋಡುವ ಪ್ರಯೋಗಾಲಯಗಳಲ್ಲಿ ನೀರಿನ ಬದಲು 0.80ರಿಂದ 0.82 ಸಾಂದ್ರತೆಯ ಆಲ್ಕೋಹಾಲ್ ಬಳಸುತ್ತಾರೆ. ಅದರಲ್ಲಿ ತೇಲಿದ್ದಷ್ಟೇ 'ಹಗುರ ಕಾಳು'. ನೀರಿನಲ್ಲಿ ಹಾಕಿದರೆ 0.9ರ ಕಾಳೂ ತೇಲಿ ಜೊಳ್ಳಿನ ಲೆಕ್ಕಕ್ಕೆ ಹೋದೀತು, ಸುಮ್ಮನೆ ಅನ್ಯಾಯ. ಅಂಗಡಿಯಿಂದ ತಂದ ಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆತಿದೆಯಾ ಎಂದು ನೋಡುವಾಗ ಮಾತ್ರ ಮನೆಯವರು ನೀರಿನ ಲೋಟ ಇಟ್ಟುಕೊಳ್ಳುತ್ತಾರೆ. ಒಣಗಿದ ಪಪ್ಪಾಯಿ ಬೀಜ ಮೇಲೆ ತೇಲುತ್ತದೆ.

ಗದ್ದೆ ಇರುವವರಿಗೆ ಉಪ್ಪುನೀರಿನ ಪರೀಕ್ಷೆ ಹೊಸತಲ್ಲ. 1882ರಲ್ಲಿ ಜಪಾನಿನ ಯೊಕೊಯಿ ತೊಕಿಯೊಶಿ ಎಂಬ ಕೃಷಿ ವಿಜ್ಞಾನಿ ಬೀಜದ ಭತ್ತ ಆರಿಸಲಿಕ್ಕೆ ರೂಪಿಸಿದ ಕ್ರಮ ಅದು. ಬರೀ ನೀರಿನಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರೆಬರೆ ತುಂಬಿದ್ದು ಮುಳುಗಿ ಒಳ್ಳೆಯದರ ಜತೆ ಸೇರಿಬಿಡುತ್ತದೆ. ನೀರಿನ ಸಾಂದ್ರತೆ ಏರಿಸಿದರೆ ಅದೂ ಮೇಲೆ ಬರುತ್ತದೆ. ಹತ್ತು ಲೀಟರ್ ನೀರಿಗೆ 1.3 ಕೆ.ಜಿ. ಒಣ ಉಪ್ಪು ಕರಗಿಸಿದರೆ ತೂಕ 11.3 ಕೆ.ಜಿ. ಆಗುತ್ತದೆ, ಗಾತ್ರ ಮಾತ್ರ ಹತ್ತೂವರೆ ಲೀಟರಿನೊಳಗೇ ನಿಲ್ಲುತ್ತದೆ. ಹಾಗಾಗಿ ಸಾಂದ್ರತೆ 1.08ಕ್ಕೆ ಏರಿತು. ಅಳತೆಯ ಉಪಕರಣ ಇಲ್ಲದ ಕಡೆ ಕೋಳಿಮೊಟ್ಟೆಯೇ ಉಪಕರಣ. ಮೊಟ್ಟೆ ಮೇಲೆದ್ದು ನಾಣ್ಯದಷ್ಟು ಅಗಲ ತಲೆ ತೋರಿಸುವವರೆಗೆ ಉಪ್ಪು ಹಾಕುವುದು. ಮೊಟ್ಟೆ ಹೊಸದೇ ಆಗಬೇಕು. ದಿನ ಹೋದ ಹಾಗೆ ಮೊಟ್ಟೆಯ ಒಳಗಿನ ತೇವ ಆರಿ, ಗಾಳಿ ಸೇರಿ ಅದು ಹಗುರ ಆಗುತ್ತದೆ. ತೀರ ಹಳತು ಬಾವಿ ನೀರಿನಲ್ಲೇ ತೇಲೀತು. ಮುಳುಗಿದ ಬೀಜವನ್ನು ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆದೇ ನೆನೆಹಾಕಬೇಕು.

ತಾಮ್ರವಾ, ಅಲ್ಯುಮಿನಿಯಮ್ಮಾ?

ಕಿರೀಟದ ಚಿನ್ನಕ್ಕೆ ಬೆಳ್ಳಿ ಬೆರೆಸಿದ್ದನ್ನು ನೀರಿನ ಸಹಾಯದಿಂದ ಕಂಡುಹಿಡಿದ ಆರ್ಕಿಮಿಡೀಸನ ಕತೆ ಎಲ್ಲರಿಗೂ ಗೊತ್ತು. ನಮಗೆ ಕಿರೀಟ ಇಲ್ಲ, ಪಂಪಿನ ಮೋಟಾರು ಉಂಟು. ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ, ರೀವೈಂಡಿಂಗಿಗೆ ಕೊಡುತ್ತೇವೆ. ತಾಮ್ರದ ತಂತಿಯ ದುಡ್ಡು ಕೊಟ್ಟು ಅಲ್ಯುಮಿನಿಯಂ ಸುತ್ತಿಸಿಕೊಂಡು ಬರುವವರಿದ್ದಾರೆ. ಮೇಲಿನ ವಾರ್ನಿಷಿನ ಬಣ್ಣದಲ್ಲಿ ಎರಡೂ ಒಂದೇ. ಕೆರೆದು ನೋಡಿದರೆ ಬಿಳಿ ಕಾಣುತ್ತದೆ ನಿಜ. ಆದರೆ ಅಲ್ಯುಮಿನಿಯಮ್ಮಿನ ಮೇಲೆ ತಾಮ್ರದ ಪದರ ಕೊಟ್ಟ ತಂತಿಯೂ ಪೇಟೆಯಲ್ಲಿದೆ, ಅದು ಕೆರೆದರೂ ಕೆಂಪೇ.

ಸುತ್ತುವ ಮೊದಲು ಅದೇ ತಂತಿಯ ತುಂಡುಗಳನ್ನು ಕೇಳಿ ತನ್ನಿ. ತೂಗಿ. ಮಿಲಿಲೀಟರ್ ಗೆರೆ ಇರುವ ಅಳತೆ ಕೊಳವೆಯಲ್ಲಿ ನೀರು ಹಾಕಿ, ತಂತಿ ಮುಳುಗಿಸಿ, ನೀರು ಎಷ್ಟು ಏರಿತು ನೋಡಿ. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. 134 ಗ್ರಾಂ ತಂತಿಗೆ ನೀರು 15 ಮಿಲಿಲೀಟರ್ ಏರಿದರೆ 134 ÷ 15, ಅಂದರೆ 8.9. ತಾಮ್ರವೇ. ಅಲ್ಯುಮಿನಿಯಂ ಆದರೆ 2.7, ತಾಮ್ರದ ಅಂಗಿ ತೊಟ್ಟದ್ದಾದರೆ 3.5ರ ಆಸುಪಾಸು. ಮೇಲಿನ ವಾರ್ನಿಷಿನಿಂದ ಅಂಕಿ ಸ್ವಲ್ಪ ಇಳಿಯಬಹುದು, ಆದರೆ ಒಂಬತ್ತರ ಹತ್ತಿರದ್ದು ಮೂರಕ್ಕೆ ಇಳಿಯಲಿಕ್ಕಿಲ್ಲ.

ಹಾಲು, ಜೇನು, ಎಣ್ಣೆ

ದ್ರವಕ್ಕೆ ಡಬ್ಬಿಗಿಂತ ಬಾಟ್ಲಿ ಒಳ್ಳೆಯದು. ಕುತ್ತಿಗೆ ಸಪೂರ ಇರುವುದರಿಂದ ಗೆರೆ ಸರಿಯಾಗಿ ಸಿಗುತ್ತದೆ. ಕುತ್ತಿಗೆಗೆ ದಾರ ಕಟ್ಟಿ, ದಾರದವರೆಗೆ ನೀರು ತುಂಬಿ ತೂಗಿ ಬಾಟ್ಲಿಯ ಗಾತ್ರ ಬರೆದಿಟ್ಟುಕೊಳ್ಳಿ.

750 ಮಿಲಿಲೀಟರಿನ ಬಾಟ್ಲಿಗೆ ಗಟ್ಟಿ ಜೇನು ತುಂಬಿದರೆ 1,050 ಗ್ರಾಂ ಬರುತ್ತದೆ. ಲೀಟರಿಗೆ 1.4 ಕೆ.ಜಿ. 'ಬಾಟ್ಲಿಗೆ ಇಷ್ಟು' ಎಂದು ಮಾರುವ ಜೇನು ಕೃಷಿಕರು ಕಿಲೋಕ್ಕಿಂತ ಹೆಚ್ಚೇ ಕೊಡುತ್ತಿದ್ದಾರೆ, ಹಲವರಿಗೆ ಗೊತ್ತಿಲ್ಲ. ಮುಚ್ಚದ ಎರಿಯಿಂದ ತೆಗೆದ, ತೇವ ಹೆಚ್ಚಿರುವ ಜೇನು ಹಗುರ. ಆಹಾರ ಸುರಕ್ಷತೆಯ ನಿಯಮದಲ್ಲಿ 27 ಡಿಗ್ರಿಯಲ್ಲಿ 1.35ಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಆದರೆ ತೂಕ ಇದ್ದ ಮಾತ್ರಕ್ಕೆ ಶುದ್ಧ ಎನ್ನಲಾಗದು. ಪಾಕವನ್ನೂ ಬೇಕಾದಷ್ಟು ದಪ್ಪ ಕಾಯಿಸುವವರಿದ್ದಾರೆ.

ಎಣ್ಣೆ ನೀರಿಗಿಂತ ಹಗುರ. ತೆಂಗಿನೆಣ್ಣೆ ಲೀಟರಿಗೆ ಸುಮಾರು 915 ಗ್ರಾಂ. ಒಂದು ಕಿಲೋ ಎಂದರೆ 1.09 ಲೀಟರ್. ಗಾಣದಿಂದ ತಂದದ್ದನ್ನು ಕಿಲೋ ಲೆಕ್ಕದಲ್ಲಿ ಕೊಡಬೇಕಾ ಲೀಟರ್ ಲೆಕ್ಕದಲ್ಲಿ ಕೊಡಬೇಕಾ ಎಂದು ಕೇಳುವವರಿಗೆ: ವ್ಯತ್ಯಾಸ ನೂರಕ್ಕೆ ಒಂಬತ್ತು, ರೇಟು ಹೇಳುವಾಗ ಅದನ್ನು ಹಿಡಿದುಕೊಳ್ಳಿ. ಬಿಸಿಯಾದರೆ ಎಣ್ಣೆ ಇನ್ನೂ ಹಗುರ ಆಗುತ್ತದೆ. ಇದರಲ್ಲಿ ದೊಡ್ಡವರೂ ಆಟ ಆಡಿದ್ದಾರೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 893 ಗ್ರಾಂ. ಕೆಲವು ಪ್ಯಾಕೆಟಿನ ಮೇಲೆ '60 ಡಿಗ್ರಿಯಲ್ಲಿ ಒಂದು ಲೀಟರ್' ಎಂದು ಸಣ್ಣ ಅಕ್ಷರದಲ್ಲಿ ಬರೆದು ಕಮ್ಮಿ ತುಂಬುತ್ತಿದ್ದರು. ಯಾರ ಮನೆಯ ಕಪಾಟು 60 ಡಿಗ್ರಿ ಇರುತ್ತದೆ? 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ, ಉಷ್ಣತೆ ಬರೆಯದೆ ಗಾತ್ರವನ್ನೂ ಅದರ ಜತೆ ತೂಕವನ್ನೂ ಬರೆಯಬೇಕೆಂದು ಕಂಪೆನಿಗಳಿಗೆ ಹೇಳಿತು. 2023ರ ಜನವರಿ 15ರವರೆಗೆ ಗಡು ಕೊಟ್ಟಿತ್ತು.

ಹಾಲಿನ ಸೊಸೈಟಿಯಲ್ಲಿ 'ಡಿಗ್ರಿ' ಎನ್ನುವುದು ಉಷ್ಣತೆಯಲ್ಲ, ಇದೇ ಸಾಂದ್ರತೆ. ಲ್ಯಾಕ್ಟೋಮೀಟರ್ 30 ತೋರಿಸಿದರೆ ಹಾಲಿನ ಸಾಂದ್ರತೆ 1.030. ಹತ್ತು ಲೀಟರಿಗೆ 10.3 ಕೆ.ಜಿ. ಒಂಬತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಸೇರಿದರೆ 27ಕ್ಕೆ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಕೊಬ್ಬು ಹಗುರವಾದ್ದರಿಂದ. ಕೆನೆಯನ್ನೂ ತೆಗೆದು ನೀರನ್ನೂ ಹಾಕಿದರೆ ಡಿಗ್ರಿ ಸರಿಯಾಗಿಯೇ ಬರುತ್ತದೆ! ಕೊಬ್ಬನ್ನು ಬೇರೆಯೇ ನೋಡುವುದು ಇದಕ್ಕಾಗಿ.

ನೀರು ಹಾಕದವನಿಗೂ ಕೆಲವೊಮ್ಮೆ ಡಿಗ್ರಿ ಬರುವುದಿಲ್ಲ. ಕರೆದ ಕೂಡಲೇ ಓಡಿದ ಹಾಲು ಬಿಸಿ ಇರುತ್ತದೆ, ನೊರೆಯ ಗಾಳಿಯೂ ಒಳಗಿರುತ್ತದೆ. ಲ್ಯಾಕ್ಟೋಮೀಟರ್ ಯಾವ ಉಷ್ಣತೆಗೆ ಮಾಡಿದ್ದು ಎಂದು ಅದರ ಮೇಲೆಯೇ ಬರೆದಿರುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನದ್ದಾದರೆ, ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಸುಮಾರು 0.2 ಕೂಡಿಸಬೇಕು. 37 ಡಿಗ್ರಿಯ ಹಾಲು 28 ತೋರಿಸಿದರೆ ನಿಜವಾಗಿ 30. ನಮ್ಮ ಹತ್ತಿರದ ಒಂದು ಕಡೆ ಈ ಕೂಡಿಸುವಿಕೆ ಬಹಳ ಕಾಲ ಇರಲಿಲ್ಲ. ನಾಲ್ಕು ಜನ ಥರ್ಮಾಮೀಟರ್ ಹಿಡಿದು ಹೋದ ಮೇಲೆ ಶುರುವಾಯಿತು.

ರಬ್ಬರ್ ಹಾಲಿನಲ್ಲಿ ಮಾತ್ರ ಎಲ್ಲ ಉಲ್ಟಾ. ರಬ್ಬರಿನ ಕಣ ನೀರಿಗಿಂತ ಹಗುರ, 0.92ರ ಹತ್ತಿರ. ಆದ್ದರಿಂದ ಗಟ್ಟಿ ಹಾಲೇ ಹಗುರ, ನೀರು ಸೇರಿಸಿದರೆ ಭಾರ. ಮೆಟ್ರೋಲ್ಯಾಕ್ ಆಳಕ್ಕೆ ಮುಳುಗಿದಷ್ಟೂ ರಬ್ಬರ್ ಅಂಶ ಹೆಚ್ಚೆಂದು ಅರ್ಥ. ದನದ ಹಾಲಿನ ಲೆಕ್ಕ ಗೊತ್ತಿದ್ದವರು ಇಲ್ಲಿ ಗಲಿಬಿಲಿ ಆಗುವುದು ಸಹಜ.

ಹಗುರ ಚೀಲವೇ ಅಗ್ಗ

ಕೊನೆಗೆ, ನಾವು ಮಾರುವುದಲ್ಲ, ಕೊಳ್ಳುವುದು. ಬಯಲುಸೀಮೆ ಕಡೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರ. ಒಬ್ಬ 40 ಕಿಲೋದ ಚೀಲಕ್ಕೆ 200 ರೂಪಾಯಿ ಹೇಳಿದ. ಇನ್ನೊಬ್ಬ ಅಷ್ಟೇ ದೊಡ್ಡ ಚೀಲಕ್ಕೆ 160, ತೂಕದ ಮಾತಿಲ್ಲ. ಎತ್ತಿ ನೋಡಿದ ಕೆಲಸದವರು "ಇದು ಹತ್ತಿಯ ಹಾಗೆ ಉಂಟು, ಬೇಡ" ಎಂದರು.

ಹತ್ತು ಲೀಟರ್ ಹಿಡಿಯುವ ಬಕೆಟಿನಲ್ಲಿ ಎರಡನ್ನೂ ಒಂದೇ ಕ್ರಮದಲ್ಲಿ ಸುರಿದು ತೂಗಿದೆ. ಮೊದಲನೆಯದು 6 ಕೆ.ಜಿ., ಎರಡನೆಯದು 4.2. ಎರಡನ್ನೂ ತಗಡಿನ ಮೇಲೆ ಹರಡಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಲ್ಲಿ ಒಣಗಿಸಿದೆ. ಮೊದಲನೆಯದು 3.3ಕ್ಕೆ ಇಳಿಯಿತು, ನೂರಕ್ಕೆ 45 ನೀರು. ಎರಡನೆಯದು 3.36ರಲ್ಲಿ ನಿಂತಿತು, ನೀರು ನೂರಕ್ಕೆ 20 ಮಾತ್ರ. ಈಗ ಚೀಲಕ್ಕೆ ಲೆಕ್ಕ ಹಾಕಿ. ಮೊದಲನೆಯವನ 40 ಕಿಲೋದಲ್ಲಿ ಒಣಗೊಬ್ಬರ 22 ಕಿಲೋ, ಕಿಲೋಕ್ಕೆ 9 ರೂಪಾಯಿ 9 ಪೈಸೆ. ಅಷ್ಟೇ ಗಾತ್ರದ ಎರಡನೆಯ ಚೀಲದಲ್ಲಿ 28 ಕಿಲೋ ಗೊಬ್ಬರ, ಒಣಗಿದರೆ 22.4 ಕಿಲೋ, ಕಿಲೋಕ್ಕೆ 7 ರೂಪಾಯಿ 14 ಪೈಸೆ. ಕೆಲಸದವರಿಗೆ ಹೊರಲಿಕ್ಕೂ ಹಗುರ.

ಇನ್ನೊಂದು ಬಾಕಿ ಇತ್ತು. ಒಣಗಿದ್ದರಲ್ಲಿ ಒಂದೊಂದು ಕಿಲೋ ತೆಗೆದು ಬಕೆಟಿನ ನೀರಿಗೆ ಹಾಕಿ ಕದಡಿದೆ. ಗೊಬ್ಬರ ಮೇಲೆ ತೇಲಾಡುತ್ತದೆ. ಮರಳು, 2.65ರ ಸಾಂದ್ರತೆಯದ್ದು, ಸೀದಾ ತಳಕ್ಕೆ. ಮೇಲಿನದ್ದನ್ನು ನಾಲ್ಕೈದು ಸಲ ಬಸಿದು ತಳದ್ದನ್ನು ಒಣಗಿಸಿ ತೂಗಿದರೆ ಮೊದಲನೆಯದರಲ್ಲಿ 280 ಗ್ರಾಂ ಮರಳು, ಎರಡನೆಯದರಲ್ಲಿ 90. ಎರಡನೆಯವನಿಂದಲೇ ಒಂದು ಲೋಡು ತರಿಸಿದೆ. ಮರಳು ನಮ್ಮ ತೋಡಿನಲ್ಲೇ ಬೇಕಾದಷ್ಟು ಉಂಟು.